ಸಂಬಳ ಕೇಳಿದವನಿಗೆ ಹೆಸರು ಸಿಕ್ಕಿತು: ಮೆಲ್ ಬ್ಲ್ಯಾಂಕ್ ಪ್ರಕರಣ

ತೆರೆಯ ಮೇಲಿನ ಬೇರೆಯವರ ಬಾಯಿಗೆ ದನಿ ಕೊಡುವ ಕೆಲಸಕ್ಕೆ ನಮ್ಮ ಸಿನಿಮಾದವರು ಇಟ್ಟಿರುವ ಹೆಸರು ಕಂಠದಾನ. ಅನ್ನದಾನ, ಗೋದಾನ, ರಕ್ತದಾನಗಳ ಸಾಲಿನಲ್ಲಿ ಕಂಠವೂ ಒಂದು ದಾನ. ಪದ ಕೇಳಲು ಚೆನ್ನಾಗಿದೆ, ಆದರೆ ಅದರೊಳಗೇ ಒಂದು ಕೊಕ್ಕೆಯೂ ಇದೆ. ದಾನ ಕೊಟ್ಟವನು ತನ್ನ ಹೆಸರು ಹೇಳಿಕೊಳ್ಳಬಾರದು ಎಂದಲ್ಲವೇ ನಾವು ನಂಬಿರುವುದು? ದನಿ ಕೊಟ್ಟವರ ವಿಷಯದಲ್ಲಿ ಚಿತ್ರರಂಗ ಇದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದೆ. ಕನ್ನಡ ಬಾರದ ನಾಯಕಿಯ ಬಾಯಲ್ಲಿ ಅಚ್ಚಕನ್ನಡ ಆಡಿಸಿದವರ ಹೆಸರು ಚಿತ್ರದ ಕೊನೆಯಲ್ಲಿ ಓಡುವ ಸಾಲುಗಳ ನಡುವೆ ಎಲ್ಲೋ ಬಂದು ಹೋಗುತ್ತದೆ. ಅಷ್ಟು ಹೊತ್ತಿಗೆ ನಾವು ಪಾರ್ಕಿಂಗ್‌ನಲ್ಲಿ ಬೈಕ್ ಹುಡುಕುತ್ತಿರುತ್ತೇವೆ.

ತೆರೆಯ ಹಿಂದಿನ ದನಿ ಮುಂದೆ ಬಂದ ಉದಾಹರಣೆ ನಮ್ಮಲ್ಲಿಲ್ಲ ಅಂತಲ್ಲ. ತೆಲುಗಿನಲ್ಲಿ ಸುಮನ್, ರಾಜಶೇಖರ್ ಅಂಥ ನಾಯಕರಿಗೆ ವರ್ಷಗಟ್ಟಲೆ ಮಾತು ಕೊಟ್ಟ ಸಾಯಿಕುಮಾರ್ ಅವರನ್ನು 1996ರಲ್ಲಿ ಕನ್ನಡದ ‘ಪೊಲೀಸ್ ಸ್ಟೋರಿ’ ನಾಯಕನನ್ನಾಗಿ ಮಾಡಿತು. ಅಲ್ಲಿಯವರೆಗೆ ಬೇರೆಯವರ ಮುಖಕ್ಕೆ ಅಂಟಿಕೊಂಡಿದ್ದ ದನಿಗೆ ಅದರದೇ ಮುಖ ಸಿಕ್ಕಿತು. ಆದರೆ ನಾನು ಇಲ್ಲಿ ಬಿಡಿಸಿ ನೋಡಹೊರಟಿರುವುದು ಮುಖ ಬೇಡದ ದನಿಯೊಂದರ ಪ್ರಕರಣ. ಅಮೆರಿಕದ ಕಾರ್ಟೂನುಗಳಿಗೆ ದನಿ ಕೊಡುತ್ತಿದ್ದ ಮೆಲ್ ಬ್ಲ್ಯಾಂಕ್ ಒಂದು ದಿನ ಮಾಲೀಕನ ಹತ್ತಿರ ಹೋಗಿ ಸಂಬಳ ಜಾಸ್ತಿ ಮಾಡಿ ಎಂದು ಕೇಳಿದ. ಮಾಲೀಕ ಆಗುವುದಿಲ್ಲ ಎಂದ. ಹಾಗಾದರೆ ಚಿತ್ರದ ಶುರುವಿನಲ್ಲಿ ನನ್ನ ಹೆಸರನ್ನಾದರೂ ಹಾಕಿ ಎಂದ ಮೆಲ್. ಅದಕ್ಕೆ ಮಾಲೀಕ ಒಪ್ಪಿದ, ಖರ್ಚಿಲ್ಲದ ಬಾಬತ್ತು ನೋಡಿ.

ಆ ಒಂದು ಸಾಲು ಏನೇನು ಮಾಡಿತು, ಅದರ ಬೆಲೆ ತೆತ್ತವರು ಯಾರು ಎಂಬುದೇ ಇಲ್ಲಿನ ವಿಷಯ.

ಪೋರ್ಟ್‌ಲ್ಯಾಂಡಿನ ಹುಡುಗ

ಮೆಲ್ ಹುಟ್ಟಿದ್ದು 1908ರ ಮೇ 30ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ, ಯಹೂದಿ ಕುಟುಂಬದಲ್ಲಿ. ಬೆಳೆದದ್ದು ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಊರಿನಲ್ಲಿ. ಅಕ್ಕಪಕ್ಕದ ವಲಸೆಗಾರರು ಆಡುವ ಮುರುಕು ಇಂಗ್ಲಿಷನ್ನು ಹಾಗೇ ತಿರುಗಿ ಆಡಿ ತೋರಿಸುವುದು ಹುಡುಗನ ಚಟ. ಇನ್ನೊಂದು ಚಟ ಸಿಗರೇಟು. ಒಂಬತ್ತನೇ ವಯಸ್ಸಿಗೇ ಶುರುವಾಯಿತು ಎಂದು ಆತನೇ ಹೇಳಿಕೊಂಡಿದ್ದಾನೆ. ದನಿಯನ್ನೇ ನಂಬಿ ಬದುಕಿದವನು ಎಪ್ಪತ್ತೇಳರವರೆಗೂ ಅದನ್ನು ಬಿಡಲಿಲ್ಲ.

ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ದನಿ ಚೆನ್ನಾಗಿ ಮಾರ್ದನಿಸುತ್ತಿತ್ತು. ಅಲ್ಲಿ ನಿಂತು ಹುಚ್ಚುಹುಚ್ಚಾಗಿ ನಗುವುದು, ಅದು ಗೋಡೆಯಿಂದ ಗೋಡೆಗೆ ಬಡಿದು ವಾಪಸ್ ಬರುವುದನ್ನು ಕೇಳುವುದು ಹುಡುಗನಿಗೆ ಖುಷಿ. ಈ ನಗುವನ್ನು ನೆನಪಿಡಿ, ಮುಂದೆ ಕೋರ್ಟಿನಲ್ಲಿ ಮತ್ತೆ ಕೇಳಿಸುತ್ತದೆ. ಕುಟುಂಬದ ಹೆಸರು ಬ್ಲ್ಯಾಂಕ್, ಅಂದರೆ ಖಾಲಿ. ನೀನೂ ನಿನ್ನ ಹೆಸರಿನ ಹಾಗೇ ಎಂದು ಟೀಚರ್ ಒಬ್ಬರು ಹಂಗಿಸಿದರಂತೆ. ಹುಡುಗ ಹೆಸರಿನ ಕೊನೆಯ ‘ಕೆ’ ಅಕ್ಷರ ತೆಗೆದು ‘ಸಿ’ ಹಾಕಿಕೊಂಡ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಕಿವಿಗೂ ಎರಡೂ ಒಂದೇ. ಬದಲಾದದ್ದು ಕಣ್ಣಿಗೆ ಮಾತ್ರ. ತನ್ನ ಹೆಸರು ಬರಹದಲ್ಲಿ ಹೇಗೆ ಕಾಣುತ್ತದೆ ಎಂಬ ಚಿಂತೆ ಈತನಿಗೆ ಹದಿಹರೆಯದಲ್ಲೇ ಹತ್ತಿತ್ತು ಎನ್ನುವುದಕ್ಕೆ ಇದನ್ನೇ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ.

1927ರಲ್ಲಿ ಊರಿನ ಕೆಜಿಡಬ್ಲ್ಯೂ ರೇಡಿಯೊದಲ್ಲಿ ‘ಹೂಟ್ ಔಲ್ಸ್’ ಎಂಬ ಹಾಸ್ಯ ಕಾರ್ಯಕ್ರಮಕ್ಕೆ ಸೇರಿದ. ಪಿಟೀಲು ಬರುತ್ತಿತ್ತು, ಟ್ಯೂಬಾ ಊದುತ್ತಿದ್ದ, ವಾದ್ಯವೃಂದಗಳಲ್ಲೂ ದುಡಿದ. 1933ರಲ್ಲಿ ಎಸ್ಟೆಲ್ ಎಂಬಾಕೆಯನ್ನು ಮದುವೆಯಾದ. ಅದೇ ವರ್ಷ ಗಂಡಹೆಂಡತಿ ಸೇರಿ ಪೋರ್ಟ್‌ಲ್ಯಾಂಡಿನ ಇನ್ನೊಂದು ರೇಡಿಯೊದಲ್ಲಿ ‘ಕಾಬ್‌ವೆಬ್ ಅಂಡ್ ನಟ್ಸ್’ ಎಂಬ ಕಾರ್ಯಕ್ರಮ ಶುರುಮಾಡಿದರು. ವಾರಕ್ಕೆ ಆರು ದಿನ. ಬೇರೆ ನಟರಿಗೆ ಕೊಡಲು ನಿಲಯದವರ ಹತ್ತಿರ ದುಡ್ಡಿಲ್ಲ. ಹಾಗಾಗಿ ಮುದುಕ, ಕುಡುಕ, ಪೊಲೀಸ್, ನಾಯಿ, ಎಲ್ಲವೂ ಮೆಲ್ಲನೇ. ತೊಗಲುಗೊಂಬೆ ಆಡಿಸುವವರು ಪರದೆಯ ಹಿಂದೆ ಕೂತು ರಾಮನೂ ಆಗಿ ರಾವಣನೂ ಆಗಿ ಮಾತಾಡುತ್ತಾರಲ್ಲ, ಹಾಗೆ. ‘ಸಾವಿರ ದನಿಗಳ ಮನುಷ್ಯ’ ಎಂದು ಆಮೇಲೆ ಹೊಗಳಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಆ ಸಾವಿರದಲ್ಲಿ ಮೊದಲ ನೂರು ಹುಟ್ಟಿದ್ದು ನಿಲಯದ ಜಿಪುಣತನದಿಂದ.

ಬಾಗಿಲ ಹೊರಗೆ, ಬಾಗಿಲ ಒಳಗೆ

1935ರಲ್ಲಿ ದಂಪತಿ ಲಾಸ್ ಏಂಜಲೀಸಿಗೆ ಬಂದರು. ವಾರ್ನರ್ ಬ್ರದರ್ಸ್‌ಗೆ ಕಾರ್ಟೂನ್ ಮಾಡಿಕೊಡುತ್ತಿದ್ದ ಲಿಯಾನ್ ಶ್ಲೆಸಿಂಜರ್ ಎಂಬ ನಿರ್ಮಾಪಕನ ಸ್ಟುಡಿಯೊಗೆ ಮೆಲ್ ಮತ್ತೆಮತ್ತೆ ಹೋದ. ನಮಗೆ ಬೇಕಾದ ದನಿಗಳೆಲ್ಲ ಇವೆ ಎಂದು ಬಾಗಿಲಲ್ಲೇ ಕಳಿಸುತ್ತಿದ್ದರು. ಆ ಬಾಗಿಲು ಕಾಯುತ್ತಿದ್ದವರು ಬದಲಾದ ಮೇಲೆ, 1936ರ ಕೊನೆಗೆ, ಶಬ್ದ ವಿಭಾಗದ ಟ್ರೆಗ್ ಬ್ರೌನ್ ಈತನಿಂದ ದನಿಗಳನ್ನು ಮಾಡಿಸಿ ಕೇಳಿದರು. ನಿರ್ದೇಶಕರನ್ನೂ ಕರೆದು ಕೇಳಿಸಿದರು. ಮೊದಲು ಸಿಕ್ಕ ಪಾತ್ರ ಒಂದು ಕುಡುಕ ಗೂಳಿ.

ಸ್ಟುಡಿಯೊದ ಆಗಿನ ತಾರೆ ಪೋರ್ಕಿ ಎಂಬ ತೊದಲುವ ಹಂದಿ. ಅದಕ್ಕೆ ದನಿ ಕೊಡುತ್ತಿದ್ದ ಜೋ ಡೌಹರ್ಟಿಗೆ ನಿಜವಾಗಿಯೂ ತೊದಲಿತ್ತು. ಮಾತು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವಾಗ ಬಿಡಿಸಿಕೊಳ್ಳುತ್ತದೆ ಎಂಬುದು ಅವರ ಕೈಯಲ್ಲೇ ಇರಲಿಲ್ಲ. ಟೇಕ್ ಮೇಲೆ ಟೇಕ್, ಫಿಲ್ಮ್ ಸುತ್ತುತ್ತಲೇ ಇತ್ತು. 1937ರ ಏಪ್ರಿಲ್‌ನಲ್ಲಿ ಬಂದ ‘ಪೋರ್ಕೀಸ್ ಡಕ್ ಹಂಟ್’ ಚಿತ್ರದಿಂದ ಹಂದಿ ಮೆಲ್‌ನ ಪಾಲಾಯಿತು. ಅವನು ಹಂದಿ ಸಾಕುವ ಕಡೆ ಹೋಗಿ, ಅವುಗಳ ಗುರುಗುಟ್ಟುವಿಕೆ ಕೇಳಿ, ಅದನ್ನೇ ತೊದಲಾಗಿ ತಿರುಗಿಸಿದನಂತೆ. ಹಂದಿ ಒಂದು ಪದಕ್ಕಾಗಿ ಒದ್ದಾಡಿ ಒದ್ದಾಡಿ, ಕೊನೆಗೆ ಅದನ್ನು ಬಿಟ್ಟು ಸುಲಭದ ಇನ್ನೊಂದು ಪದ ಹೇಳಿ ಪಾರಾಗುತ್ತದೆ. ತೊದಲು ಅಲ್ಲಿಗೆ ತೊಂದರೆಯಾಗಿ ಉಳಿಯದೆ ಲಯವಾಯಿತು. ಅಸಲು ತೊದಲು ಇದ್ದವರ ಕೆಲಸ ಹೋಗಿ ತೊದಲನ್ನು ನಟಿಸಿದವನಿಗೆ ಸಿಕ್ಕಿತು ಎಂಬುದು ಮನಸ್ಸಿಗೆ ಚುಚ್ಚುತ್ತದೆ, ಆದರೆ ನಟನೆ ಎಂದರೆ ಅದೇ ತಾನೆ? ಅದೇ ಚಿತ್ರದಲ್ಲಿ ಹುಟ್ಟಿದ ತಲೆಕೆಟ್ಟ ಬಾತುಕೋಳಿ ಡ್ಯಾಫಿ ಕೂಡ ಮೆಲ್‌ನದೇ.

ಇಲ್ಲಿ ಕೆಲಸದ ಒಂದು ಗುಟ್ಟು ಹೇಳಬೇಕು. ನಮ್ಮ ಕಂಠದಾನಕ್ಕೂ ಇದಕ್ಕೂ ಅಜಗಜಾಂತರ. ಡಬ್ಬಿಂಗ್ ಕೋಣೆಯಲ್ಲಿ ಚಿತ್ರ ಮೊದಲೇ ಇರುತ್ತದೆ. ತೆರೆಯ ಮೇಲಿನ ತುಟಿ ನೋಡಿಕೊಂಡು ಮಾತು ಕೂರಿಸಬೇಕು, ತುಟಿ ಮುಚ್ಚಿದಾಗ ನಮ್ಮದೂ ಮುಚ್ಚಬೇಕು. ಶ್ಲೆಸಿಂಜರ್ ಸ್ಟುಡಿಯೊದಲ್ಲಿ ಇದು ತಿರುವುಮುರುವು. ಮೊದಲು ಮಾತು, ಆಮೇಲೆ ಚಿತ್ರ. ಮೆಲ್ ಎಲ್ಲಿ ಉಸಿರೆಳೆದ, ಯಾವ ಪದ ಎಳೆದ, ಎಲ್ಲಿ ತಡೆದ ಎಂಬುದನ್ನು ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಹಾಳೆಗೆ ಇಳಿಸಿಕೊಂಡು, ಚಿತ್ರಕಾರರು ಅದಕ್ಕೆ ತಕ್ಕಂತೆ ಬಾಯಿ, ಹುಬ್ಬು, ಭುಜ ಬರೆಯುತ್ತಿದ್ದರು. ದನಿಯ ಹಿಂದೆ ಮೈ ಬರುತ್ತಿತ್ತು. ಹಾಗಾಗಿ ಮೆಲ್‌ನನ್ನು ಕಂಠದಾನಿ ಎನ್ನುವುದಕ್ಕಿಂತ ಮೈಯಿಲ್ಲದ ಪೋಷಕ ನಟ ಎನ್ನುವುದೇ ಸರಿ.

1940ರ ಜುಲೈನಲ್ಲಿ ಟೆಕ್ಸ್ ಏವರಿ ನಿರ್ದೇಶನದ ‘ಎ ವೈಲ್ಡ್ ಹೇರ್’ ಬಂತು. ಬಗ್ಸ್ ಬನ್ನಿ ಎಂಬ ಮೊಲ ನಮಗೆ ಗೊತ್ತಿರುವ ರೂಪಕ್ಕೆ ಬಂದದ್ದು ಅದರಲ್ಲೇ. ಯಾರಿಗೂ ಸೊಪ್ಪು ಹಾಕದ ಈ ಮೊಲಕ್ಕೆ ಮೆಲ್ ನ್ಯೂಯಾರ್ಕಿನ ಬ್ರೂಕ್ಲಿನ್ ಮತ್ತು ಬ್ರಾಂಕ್ಸ್ ಬೀದಿಗಳ ಮಾತಿನ ಧಾಟಿಯನ್ನು ಬೆರೆಸಿ ಕೊಟ್ಟ. ಬಾಯಿ ಬಿಟ್ಟ ಕೂಡಲೇ ಇವನು ಧಾರವಾಡದ ಕಡೆಯವನು ಎಂದು ನಮಗೆ ತಿಳಿಯುವುದಿಲ್ಲವೇ, ಅಮೆರಿಕದವರಿಗೆ ಆ ಮೊಲ ಯಾವ ಓಣಿಯದು ಎಂದು ಹಾಗೇ ತಿಳಿಯುತ್ತಿತ್ತು. ಕ್ಯಾರೆಟ್ ಕಡಿಯುವ ಸದ್ದಿಗೆ ಸೇಬು, ಸೆಲರಿ ಏನೇನೋ ಕಡಿದು ನೋಡಿದರೂ ಕ್ಯಾರೆಟ್ಟೇ ಬೇಕಾಯಿತು. ಜಗಿದು ನುಂಗುತ್ತಾ ಕೂತರೆ ಮುಂದಿನ ಮಾತು ತಪ್ಪುತ್ತದೆ, ಆದ್ದರಿಂದ ಕಡಿದು ಪಕ್ಕದ ಡಬ್ಬಿಗೆ ಉಗಿಯುವುದು. ಆತನಿಗೆ ಕ್ಯಾರೆಟ್ ಅಲರ್ಜಿ ಇತ್ತು ಎಂಬ ಕತೆ ಈಗಲೂ ಓಡಾಡುತ್ತಿದೆ. ಬರೀ ಬುರುಡೆ.

ಸಿಲ್ವೆಸ್ಟರ್ ಬೆಕ್ಕಿನ ದನಿಯೂ ಡ್ಯಾಫಿಯ ದನಿಯೂ ಮೂಲದಲ್ಲಿ ಒಂದೇ. ಬಾತುಕೋಳಿಯದನ್ನು ನಿಧಾನದ ವೇಗದಲ್ಲಿ ಧ್ವನಿಮುದ್ರಿಸಿ ಆಮೇಲೆ ಜೋರಾಗಿ ಓಡಿಸುತ್ತಿದ್ದರು. ದನಿ ತೆಳ್ಳಗಾಗಿ ಮೇಲಕ್ಕೇರುತ್ತಿತ್ತು. ಟ್ವೀಟಿ ಹಕ್ಕಿಯದೂ ಇದೇ ಉಪಾಯ. ಕೇಳುವವರಿಗೆ ಇದು ಯಂತ್ರದ ಆಟ ಅನ್ನಿಸಬಹುದು. ಆದರೆ ವೇಗ ಹೆಚ್ಚಿದಾಗ ವ್ಯಂಜನಗಳು ಒಂದರ ಮೇಲೊಂದು ಬೀಳುತ್ತವೆ, ಅರ್ಥ ಕೆಡುತ್ತದೆ. ಆಮೇಲೆ ಎಷ್ಟು ಓಡುತ್ತದೆ ಎಂಬ ಅಂದಾಜಿಟ್ಟುಕೊಂಡು ಈಗಲೇ ಬಿಡಿಸಿ ಬಿಡಿಸಿ ಆಡಬೇಕು, ಹಾಗೆ ಆಡುವಾಗಲೂ ಸಿಟ್ಟು, ಸೊಕ್ಕು ಕಡಿಮೆಯಾಗಬಾರದು. ಯಂತ್ರ ಇದನ್ನು ಮಾಡಿಕೊಡುವುದಿಲ್ಲ.

ಎಲ್ಲ ಕಡೆ ಗೆದ್ದ ಅಂತಲ್ಲ. ಡಿಸ್ನಿಯವರ ‘ಪಿನೋಕಿಯೊ’ ಚಿತ್ರದಲ್ಲಿ ಗಿಡಿಯನ್ ಎಂಬ ಬೆಕ್ಕಿಗೆ 16 ದಿನ ಮಾತಾಡಿದ. ಕೊನೆಗೆ ಬೆಕ್ಕು ಮೂಕವಾಗಿದ್ದರೇ ಚೆನ್ನ ಎಂದು ತೀರ್ಮಾನವಾಗಿ ಎಲ್ಲ ಮಾತೂ ಕತ್ತರಿಗೆ ಹೋಯಿತು. ಉಳಿದದ್ದು ಒಂದು ಬಿಕ್ಕಳಿಕೆ. 800 ಡಾಲರಿನ ಬಿಕ್ಕಳಿಕೆ ಎಂದು ಆತ ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದ.

ಜುಟ್ಟಿಗೆ ಮಲ್ಲಿಗೆ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಈ ಘಟ್ಟಕ್ಕೆ ಸರಿಯಾಗಿ ಕೂರುತ್ತದೆ. ಅಲ್ಲಿಯವರೆಗೆ ಈ ಆರೇಳು ನಿಮಿಷದ ಕಾರ್ಟೂನುಗಳಲ್ಲಿ ದನಿ ಕೊಟ್ಟವರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ನಿರ್ಮಾಪಕ, ನಿರ್ದೇಶಕ, ಕತೆ, ಸಂಗೀತ, ಒಬ್ಬ ಚಿತ್ರಕಾರ, ಅಷ್ಟೇ. ಸಂಬಳದ ಮಾತು ಬಿದ್ದುಹೋದ ಮೇಲೆ, 1944ರ ಜನವರಿಯಲ್ಲಿ ಬಂದ ‘ಲಿಟ್ಲ್ ರೆಡ್ ರೈಡಿಂಗ್ ರ‍್ಯಾಬಿಟ್’ ಚಿತ್ರದಲ್ಲಿ ಮೊದಲ ಸಲ ಮೆಲ್‌ನ ಹೆಸರು ಕಾಣಿಸಿತು. ದನಿ ಪಾತ್ರಪೋಷಣೆ, ಮೆಲ್ ಬ್ಲ್ಯಾಂಕ್.

ಇಲ್ಲಿ ಮಲ್ಲಿಗೆಯೇ ಹಿಟ್ಟನ್ನೂ ತಂದಿತು. ಚಿತ್ರಮಂದಿರಗಳಲ್ಲಿ ವಾರವಾರವೂ ಕಾಣುವ ಆ ಹೆಸರು ನೋಡಿ ರೇಡಿಯೊದವರು ಹುಡುಕಿಕೊಂಡು ಬಂದರು. ಶ್ಲೆಸಿಂಜರ್ ಉಳಿಸಿದ ದುಡ್ಡನ್ನು ಊರವರು ಕೊಟ್ಟರು ಅನ್ನಿ. ಮೆಲ್‌ನ ಚಾಣಾಕ್ಷತನಕ್ಕೆ ಇದನ್ನು ಉದಾಹರಣೆಯಾಗಿ ಕೊಡುವವರಿದ್ದಾರೆ. ನಾನೂ ಒಪ್ಪುತ್ತೇನೆ. ಆದರೆ ಕತೆಯನ್ನು ಅಲ್ಲಿಗೇ ನಿಲ್ಲಿಸಿದರೆ ಅರ್ಧ ಪ್ರಕರಣ ಮಾತ್ರ ಹೇಳಿದ ಹಾಗೆ.

ಹೆಸರು ಬಂದ ಆ ಮೊದಲ ಚಿತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮೊಲದ ಜೊತೆ ಇನ್ನಿಬ್ಬರಿದ್ದಾರೆ, ಕಿವಿ ಹರಿಯುವ ಹಾಗೆ ಕಿರುಚುವ ಕೆಂಪು ಟೋಪಿಯ ಹುಡುಗಿ ಮತ್ತು ತೋಳ. ಹುಡುಗಿಯ ದನಿ ಬೀ ಬೆನಡರೆಟ್ ಎಂಬ ನಟಿಯದು, ತೋಳನದು ಬಿಲ್ಲಿ ಬ್ಲೆಚರ್‌ನದು. ಚಿತ್ರದ ಅರ್ಧ ನಗು ಆ ಹುಡುಗಿಯಿಂದಲೇ ಬರುತ್ತದೆ. ತೆರೆಯ ಮೇಲೆ ಇಬ್ಬರ ಹೆಸರೂ ಇಲ್ಲ. ದನಿಗೆ ಒಂದು ಸಾಲು ಇಲ್ಲದಿದ್ದಾಗ ಎಲ್ಲರೂ ಸಮಾನವಾಗಿ ಅಜ್ಞಾತರು. ಒಂದೇ ಸಾಲು ಬಂದಾಗ ನೋಡುವವರು ಏನೆಂದುಕೊಳ್ಳುತ್ತಾರೆ? ಕೇಳಿಸುವುದೆಲ್ಲ ಅವನದೇ ದನಿ ಎಂದು. ಖಾಲಿ ಜಾಗಕ್ಕಿಂತ ಒಂಟಿ ಹೆಸರು ಹೆಚ್ಚು ಮರೆಮಾಚುತ್ತದೆ.

ಮೊಲವನ್ನು ಬೇಟೆಯಾಡಲು ಬಂದು ಪ್ರತಿಸಲವೂ ಮಂಗನಾಗುವ ಎಲ್ಮರ್ ಫಡ್ ಗೊತ್ತಲ್ಲ? ‘ರ’ಕಾರ, ‘ಲ’ಕಾರ ನಾಲಿಗೆಗೆ ಒಗ್ಗದ ಬೋಳುತಲೆಯ ಬೇಟೆಗಾರ. ಆ ದನಿ ಆರ್ಥರ್ ಕ್ಯೂ. ಬ್ರಯನ್‌ನದು, 1959ರಲ್ಲಿ ಆತ ಸಾಯುವವರೆಗೂ. 1957ರ ‘ವಾಟ್ಸ್ ಆಪೆರಾ, ಡಾಕ್?’ ನೋಡಿ. ಜರ್ಮನ್ ಸಂಗೀತಗಾರ ವ್ಯಾಗ್ನರ್‌ನ ಮಹಾಗಾಂಭೀರ್ಯವನ್ನು ಮೊಲ ಮತ್ತು ಬೇಟೆಗಾರನ ಜಗಳಕ್ಕೆ ಇಳಿಸಿದ ಆ ಚಿತ್ರವನ್ನು 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿದರು. ಬ್ರಯನ್ ಅದರಲ್ಲಿ ಮೆಲ್‌ನಷ್ಟೇ ಹಾಡುತ್ತಾನೆ, ಆದರೆ ಹೆಸರು ಮೆಲ್‌ನದೊಂದೇ. ಇನ್ನೂ ಒಂದು ತಮಾಷೆ ಇದೆ. ಎಲ್ಮರ್ ಸಿಟ್ಟಿನಲ್ಲಿ ಗಾಳಿಯನ್ನೂ ಮಿಂಚನ್ನೂ ಕರೆದು, ಕೊನೆಗೆ ಲಾಸ್ ಏಂಜಲೀಸಿನ ಹೊಗೆಮಂಜನ್ನೂ ಕರೆಯುತ್ತಾನೆ. ‘ಸ್ಮಾಗ್’ ಎನ್ನುವ ಆ ಒಂದೇ ಒಂದು ಕೂಗನ್ನು ಬ್ರಯನ್ ಬದಲು ಮೆಲ್ ಕೂಗಿದ್ದಾನೆ. ಇಡೀ ಪಾತ್ರ ಮಾಡಿದವನಿಗೆ ಹೆಸರಿಲ್ಲ, ಒಂದು ಪದ ಕೂಗಿದವನಿಗೆ ಇದೆ!

ರೋಡ್ ರನ್ನರ್ ಹಕ್ಕಿಯ ‘ಬೀಪ್ ಬೀಪ್’ ಕೂಡ ಮೆಲ್‌ನದಲ್ಲ. ಅದು ಹಿನ್ನೆಲೆ ಚಿತ್ರ ಬರೆಯುತ್ತಿದ್ದ ಪಾಲ್ ಜೂಲಿಯನ್‌ನದು. ಕೈತುಂಬ ಸಾಮಾನು ಹಿಡಿದು ಸ್ಟುಡಿಯೊ ಪಡಸಾಲೆಯಲ್ಲಿ ಹೋಗುವಾಗ ದಾರಿ ಬಿಡಿ ಎಂದು ಆತ ಹಾಗೆ ಸದ್ದು ಮಾಡುತ್ತಿದ್ದ. ಅದನ್ನೇ ಹಿಡಿದು ಧ್ವನಿಮುದ್ರಿಸಿಕೊಂಡರು.

ಮೆಲ್ ಇತರರ ಹೆಸರು ಹಾಕಬೇಡಿ ಎಂದನೇ? ಹಾಗಂತ ನಾನು ಹೇಳುತ್ತಿಲ್ಲ. ಒಬ್ಬ ನೌಕರ ಕಷ್ಟಪಟ್ಟು ತನ್ನ ಮಟ್ಟಿಗೆ ಒಂದು ಬಾಗಿಲು ತೆರೆಸಿಕೊಂಡ. ಎಲ್ಲರಿಗೂ ತೆರೆಯಬೇಕಾದದ್ದು ಸ್ಟುಡಿಯೊ. 1944ರಲ್ಲೇ ಶ್ಲೆಸಿಂಜರ್ ತನ್ನ ಸಂಸ್ಥೆಯನ್ನು ವಾರ್ನರ್ ಬ್ರದರ್ಸ್‌ಗೆ ಮಾರಿ ಹೊರಟುಹೋದ. ಮಾಲೀಕ ಬದಲಾದರೂ ಆ ಒಂಟಿ ಸಾಲು ಬಹುಕಾಲ ಹಾಗೇ ಉಳಿಯಿತು.

ಮುಖ ತೋರಿಸಿದಾಗ

ಮೆಲ್ ಪೋಷಕ ನಟನಾಗಿ ಪಳಗಿದ್ದು ಜ್ಯಾಕ್ ಬೆನ್ನಿ ಎಂಬ ಹಾಸ್ಯಗಾರನ ರೇಡಿಯೊ ಕಾರ್ಯಕ್ರಮದಲ್ಲಿ, 1939ರಿಂದ. ಅಲ್ಲಿ ಕೊಟ್ಟ ಮೊದಲ ಪಾತ್ರ ನೆಲಮಾಳಿಗೆಯಲ್ಲಿ ಕಟ್ಟಿಹಾಕಿದ ಹಿಮಕರಡಿ. ಗುರ್ ಎನ್ನುವುದಷ್ಟೇ ಕೆಲಸ. ಕೆಲವು ತಿಂಗಳು ಗುರುಗುಟ್ಟಿದ ಮೇಲೆ, ನನಗೆ ಮಾತಾಡಲೂ ಬರುತ್ತದೆ ಸ್ವಾಮಿ ಎಂದು ಬೆನ್ನಿಗೆ ನೆನಪಿಸಬೇಕಾಯಿತು. ಆಮೇಲೆ ತಲೆಚಿಟ್ಟು ಹಿಡಿದ ಪಿಟೀಲು ಮೇಷ್ಟ್ರಾದ, ರೈಲು ನಿಲ್ದಾಣದ ಘೋಷಕನಾದ. ಒಂದು ಸಲ ಬೆನ್ನಿಯ ಹಳೇ ಮ್ಯಾಕ್ಸ್‌ವೆಲ್ ಕಾರಿನ ಸದ್ದಿನ ರೆಕಾರ್ಡು ನೇರ ಪ್ರಸಾರದಲ್ಲಿ ಕೈಕೊಟ್ಟಿತು. ಮೆಲ್ ಮೈಕ್ ಎಳೆದುಕೊಂಡು ಕೆಮ್ಮಿ, ಸೀನಿ, ಉಬ್ಬಸಪಟ್ಟು ಕಾರನ್ನೇ ಬಾಯಲ್ಲಿ ಓಡಿಸಿಬಿಟ್ಟ. ಅಂದಿನಿಂದ ಕಾರೂ ಆತನದೇ ಪಾತ್ರ.

1946ರಲ್ಲಿ ಸಿಬಿಎಸ್ ರೇಡಿಯೊ ‘ದ ಮೆಲ್ ಬ್ಲ್ಯಾಂಕ್ ಷೋ’ ಶುರುಮಾಡಿತು. ರಿಪೇರಿ ಅಂಗಡಿ ಇಟ್ಟ ಮೆಲ್ ಎಂಬ ಸಾಮಾನ್ಯನೇ ನಾಯಕ. ವರ್ಷ ತುಂಬುವ ಮೊದಲೇ ನಿಂತುಹೋಯಿತು. ನನಗೆ ತೋಚುವ ಕಾರಣ ಇದು: ಪೋಷಕ ನಟ ಬಂದು ಹೋಗುವವನು. ಎರಡು ನಿಮಿಷ ಬಂದು ದೃಶ್ಯ ಕದ್ದು ಹೋಗುವುದೇ ಅವನ ವಿದ್ಯೆ. ಅರ್ಧ ಗಂಟೆ ನಡುಮನೆಯಲ್ಲಿ ಕೂರು ಎಂದರೆ ಅವನು ಚಡಪಡಿಸುತ್ತಾನೆ, ಕೇಳುಗನೂ. ಟೀವಿ ಬಂದ ಮೇಲೆ ಬೆನ್ನಿಯ ಎದುರು ಮೆಕ್ಸಿಕನ್ ವೇಷದಲ್ಲಿ ಕೂತು, ಏನು ಕೇಳಿದರೂ ‘ಸೀ’ ಎಂಬ ಒಂದಕ್ಷರದ ಉತ್ತರ ಕೊಡುವ ಮೆಲ್ ಎಷ್ಟು ಸಲೀಸಾಗಿದ್ದಾನೆ ನೋಡಿ. ಬೆನ್ನಿ ನಗು ತಡೆಯಲಾರದೆ ಒದ್ದಾಡುತ್ತಾನೆ. ಆ ಜನಾಂಗದ ಅಣಕ ಈಗ ಹಳಸಿದೆ, ಸಮಯಪ್ರಜ್ಞೆ ಹಳಸಿಲ್ಲ.

ನಗು ಯಾರದು?

ಶಾಲೆಯ ಪಡಸಾಲೆಯ ಆ ನಗುವನ್ನು ಮೆಲ್ 1940ರಲ್ಲಿ ಇನ್ನೊಬ್ಬ ಕಾರ್ಟೂನ್ ನಿರ್ಮಾಪಕ ವಾಲ್ಟರ್ ಲ್ಯಾಂಟ್ಜ್‌ನ ಹೊಸ ಮರಕುಟಿಗ ವುಡಿ ವುಡ್‌ಪೆಕರ್‌ಗೆ ಕೊಟ್ಟಿದ್ದ. ಕೆಲವೇ ಚಿತ್ರಗಳಾದ ಮೇಲೆ ವಾರ್ನರ್ ಕಾರ್ಟೂನುಗಳಿಗಷ್ಟೇ ದುಡಿಯುವ ಒಪ್ಪಂದ ಆದದ್ದರಿಂದ ಮರಕುಟಿಗನನ್ನು ಬಿಟ್ಟ. ನಗು ಮಾತ್ರ ಅಲ್ಲೇ ಉಳಿಯಿತು. 1948ರಲ್ಲಿ ಆ ನಗುವನ್ನೇ ಕಟ್ಟಿಕೊಂಡ ಹಾಡೊಂದು ಅಮೆರಿಕದ ತುಂಬ ಮೊಳಗಿದಾಗ ಮೆಲ್ ಅರ್ಧ ಮಿಲಿಯನ್ ಡಾಲರ್ ಕೇಳಿ ದಾವೆ ಹೂಡಿದ. ಕೋರ್ಟು ಒಪ್ಪಲಿಲ್ಲ. ನಗುವನ್ನು ಹಕ್ಕು ಕಾದಿರಿಸಿಕೊಳ್ಳದೆ ಚಿತ್ರದಲ್ಲಿ ಬಿಟ್ಟಾಗಿದೆ, ಪ್ರಕಟವಾದ ಮೇಲೆ ಹಕ್ಕು ಉಳಿಯುವುದಿಲ್ಲ ಎಂದಿತು. ಆಮೇಲೆ ಹೊರಗೆ ರಾಜಿಯಾಯಿತು. ಬಿಟ್ಟ ಬಾಣ, ಆಡಿದ ಮಾತು ವಾಪಸ್ ಬರುವುದಿಲ್ಲ ಎನ್ನುತ್ತೇವೆ. ನಕ್ಕ ನಗುವೂ ಆ ಪಟ್ಟಿಗೆ ಸೇರಿತು.

ಇದರ ಪಕ್ಕಕ್ಕೇ ಇಡಬೇಕಾದ ಇನ್ನೊಂದು ಸಂಗತಿ ಇದೆ. ಆಮೇಲೆ ಆ ಮರಕುಟಿಗನ ದನಿಯಾದದ್ದು ಲ್ಯಾಂಟ್ಜ್‌ನ ಹೆಂಡತಿ ಗ್ರೇಸ್ ಸ್ಟ್ಯಾಫರ್ಡ್. ದನಿ ಪರೀಕ್ಷೆಯ ರೆಕಾರ್ಡುಗಳ ನಡುವೆ ತನ್ನದನ್ನೂ ಹೆಸರಿಲ್ಲದೆ ಸೇರಿಸಿಟ್ಟು ಆಯ್ಕೆಯಾದಾಕೆ. ವರ್ಷಗಟ್ಟಲೆ ಹೆಸರು ಹಾಕಿಸಿಕೊಳ್ಳಲಿಲ್ಲ, ಅದು ಹೆಂಗಸಿನ ದನಿ ಎಂದು ಗೊತ್ತಾದರೆ ಮಕ್ಕಳಿಗೆ ಬೇಸರವಾದೀತು ಎಂದು. ಒಂದೇ ಹಕ್ಕಿಗೆ ದನಿಯಾದ ಇಬ್ಬರು, ಒಬ್ಬರು ನಗುವಿನ ಹಕ್ಕಿಗಾಗಿ ಕೋರ್ಟಿಗೆ ಹೋದವರು, ಇನ್ನೊಬ್ಬರು ಹೆಸರೇ ಬೇಡ ಎಂದವರು.

ಸನ್‌ಸೆಟ್ ರಸ್ತೆಯ ತಿರುವು

1961ರ ಜನವರಿ 24ರ ರಾತ್ರಿ ಲಾಸ್ ಏಂಜಲೀಸಿನ ಸನ್‌ಸೆಟ್ ಬುಲೆವಾರ್ಡ್‌ನಲ್ಲಿ, ಊರವರು ‘ಸತ್ತವರ ತಿರುವು’ ಎಂದು ಕರೆಯುತ್ತಿದ್ದ ಕಡೆ, ಕಾಲೇಜು ಹುಡುಗನೊಬ್ಬನ ಕಾರು ಮೆಲ್‌ನ ಕಾರಿಗೆ ಎದುರಿನಿಂದ ಗುದ್ದಿತು. ಎರಡೂ ಕಾಲು ಮುರಿದವು, ಸೊಂಟದ ಮೂಳೆ ಮುರಿಯಿತು, ತಲೆಗೆ ಪೆಟ್ಟು. ಪ್ರಜ್ಞೆ ಇಲ್ಲ. ಹೆಂಡತಿ, ಮಗ ನೋಯಲ್ ಹಾಸಿಗೆ ಪಕ್ಕ ಕೂತು ಕರೆದರು. ದಿನ ಕಳೆದವು. ಸುಮಾರು ಎರಡು ವಾರದ ಮೇಲೆ ನರರೋಗ ವೈದ್ಯರೊಬ್ಬರು ಹೆಸರು ಬದಲಿಸಿ ಕರೆದರು: ಬಗ್ಸ್ ಬನ್ನಿ, ಹೇಗಿದ್ದೀಯ? ಕ್ಷೀಣವಾಗಿ ಮೊಲದ ದನಿಯಲ್ಲೇ ಉತ್ತರ ಬಂತು, ಚೆನ್ನಾಗಿದ್ದೀನಿ ಡಾಕ್, ನೀವು ಹೇಗಿದ್ದೀರಿ ಎಂದು. ಟ್ವೀಟಿ ಇದ್ದೀಯಾ ಎಂದರೆ ಹಕ್ಕಿ ಕೂಡ ಮಾತಾಡಿತು.

ಕಾರ್ಟೂನ್ ಪ್ರಿಯರಿಗೆ ಇದು ಪವಾಡ. ನನಗೆ ಪವಾಡಕ್ಕಿಂತ ಅಭ್ಯಾಸ ಕಾಣುತ್ತದೆ. ಮಿದುಳಿಗೆ ಪೆಟ್ಟು ಬಿದ್ದು ಮಾತು ಕಳೆದುಕೊಂಡವರಲ್ಲಿ ಹಲವರು ಒಂದು ವಾಕ್ಯ ಕಟ್ಟಲಾರರು, ಆದರೆ ಎಣಿಕೆ, ಹಾಡು, ಪ್ರಾರ್ಥನೆ, ಬೈಗುಳ ಸರಾಗವಾಗಿ ಹೊರಬರುತ್ತವೆ. ಮಗ್ಗಿ, ದೇವರನಾಮಗಳು ಇರುವ ಜಾಗ ಬೇರೆ, ಹೊಸ ಮಾತು ಹುಟ್ಟುವ ಜಾಗ ಬೇರೆ ಎನ್ನುವ ಹಾಗೆ. ಮೆಲ್‌ನದು ಸರಿಯಾಗಿ ಇದೇ ಸ್ಥಿತಿ ಎಂದು ಹೇಳಲು ನಾನು ವೈದ್ಯನಲ್ಲ. ಆದರೆ ಇಪ್ಪತ್ತು ವರ್ಷ ಪ್ರಶ್ನೆ ಕೇಳಿದ ಕೂಡಲೇ ಆ ದನಿಯಲ್ಲಿ ಉತ್ತರ ಕೊಟ್ಟವನು ಆತ. ಮೆಲ್ ಎಂದು ಕರೆದಾಗ ಬರಬೇಕಾದದ್ದು ಹೊಸ ಮಾತು. ಬಗ್ಸ್ ಎಂದು ಕರೆದಾಗ ಬರಬೇಕಾದದ್ದು ಬಾಯಿಪಾಠ.

ಆಗ ಆತ ‘ದ ಫ್ಲಿಂಟ್‌ಸ್ಟೋನ್ಸ್’ ಎಂಬ ಟೀವಿ ಕಾರ್ಟೂನಿನ ಬಾರ್ನಿ ಕೂಡ ಆಗಿದ್ದ. ಕೆಲವು ಕಂತುಗಳಿಗೆ ಡಾಸ್ ಬಟ್ಲರ್ ಎಂಬ ಇನ್ನೊಬ್ಬ ದನಿ ಕಲಾವಿದ ಬಂದು ಕೆಲಸ ತೂಗಿಸಿದರು. ಆಮೇಲೆ ಸಹನಟರೇ ಮೈಕ್ರೊಫೋನು ಹೊತ್ತು ಬಂದು ಮೆಲ್‌ನ ಹಾಸಿಗೆಯ ಸುತ್ತ ನಿಂತರು. ಮೈತುಂಬ ಪ್ಲಾಸ್ಟರ್, ಅಂಗಾತ ಮಲಗಿದ ಸ್ಥಿತಿ, ಹಾಗೇ ಬಾರ್ನಿ ಕಿಸಕ್ಕನೆ ನಕ್ಕ. ಅಂಗಾತ ಮಲಗಿ ಹೊಟ್ಟೆಯಿಂದ ನಗಲು ಒಮ್ಮೆ ಪ್ರಯತ್ನಿಸಿ ನೋಡಿ, ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಗೊತ್ತಾಗುತ್ತದೆ. ಆತ ನಗರಾಡಳಿತದ ಮೇಲೂ ಅರ್ಧ ಮಿಲಿಯನ್ ಡಾಲರಿನ ದಾವೆ ಹೂಡಿದ. ಆ ತಿರುವನ್ನು ಆಮೇಲೆ ಸರಿಪಡಿಸಿದರು.

ಬೇರೆಯವನ ದನಿ

1988ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರಕ್ಕಾಗಿ ಮೊಲ, ಬಾತುಕೋಳಿ, ಹಂದಿ, ಬೆಕ್ಕು, ಹಕ್ಕಿಗಳನ್ನೆಲ್ಲ ಮತ್ತೆ ಆಡಿಸಿದ. ಕೆಂಪು ಮೀಸೆಯ ಕೋಪಿಷ್ಠ ಯೊಸೆಮಿಟಿ ಸ್ಯಾಮ್ ಮಾತ್ರ ಆಗಲಿಲ್ಲ. ಆ ಅಬ್ಬರದ ಕೂಗು ಗಂಟಲನ್ನು ಹರಿಯುತ್ತಿತ್ತು. ಸ್ಯಾಮ್‌ನನ್ನು ಜೋ ಅಲಾಸ್ಕಿ ಎಂಬ ಬೇರೆ ಕಲಾವಿದ ಮಾಡಿದ. ಮರುವರ್ಷ ಜುಲೈ 10ರಂದು ಮೆಲ್ ತೀರಿಕೊಂಡ. ಸಿಗರೇಟು ಶ್ವಾಸಕೋಶವನ್ನು ತಿಂದಿತ್ತು, ಹೃದಯವೂ ಸೋತಿತ್ತು. ಹಾಲಿವುಡ್ಡಿನ ಸಮಾಧಿಯ ಕಲ್ಲಿನ ಮೇಲೆ ಹಂದಿ ಚಿತ್ರದ ಕೊನೆಯಲ್ಲಿ ಹೇಳುವ ಮಾತೇ ಇದೆ, ಅಷ್ಟೇ ಕಣ್ರಪ್ಪಾ ಎಂಬರ್ಥದ್ದು. 1996ರ ‘ಸ್ಪೇಸ್ ಜಾಮ್’ ಹೊತ್ತಿಗೆ ಮೊಲಕ್ಕೆ ಬಿಲ್ಲಿ ವೆಸ್ಟ್, ಬಾತುಕೋಳಿಗೆ ಡೀ ಬ್ರಾಡ್ಲಿ ಬೇಕರ್, ಹಂದಿಗೆ ಬಾಬ್ ಬರ್ಗನ್ ಎಂದು ಆ ಒಂದು ಗಂಟಲನ್ನು ಹಲವರಿಗೆ ಹಂಚಬೇಕಾಯಿತು. ಅವರೆಲ್ಲರ ಹೆಸರೂ ತೆರೆಯ ಮೇಲೆ ಬಂತು.

ನನಗೆ ಹೆಚ್ಚು ಕಾಡುವುದು ಇದಕ್ಕಿಂತ ಮೊದಲಿನ, ಯಾರೂ ಅಷ್ಟಾಗಿ ಹೇಳದ ಒಂದು ಘಟ್ಟ. ಬ್ರಯನ್ ಸತ್ತ ಮೇಲೆ ಎಲ್ಮರ್‌ನ ದನಿಯನ್ನು ಬೇರೆಯವರಿಂದ ಮಾಡಿಸಿ ನೋಡಿದರು, ಕೂರಲಿಲ್ಲ. ಎಪ್ಪತ್ತರ ದಶಕದಲ್ಲಿ ಮೊಲದ ಹಳೆಯ ಬಳಗವನ್ನು 1970ರ ನಂತರದ ಟೀವಿ ವಿಶೇಷಗಳಿಗೆ ಮತ್ತೆ ಒಟ್ಟುಗೂಡಿಸಿದಾಗ ಆ ಕೆಲಸ ಮೆಲ್‌ನ ಮೇಲೆಯೇ ಬಿತ್ತು. ಇನ್ನೊಬ್ಬ ನಟ ಕಟ್ಟಿದ ದನಿಯನ್ನು ಅನುಕರಿಸುವುದು ಆತನಿಗೆ ಇಷ್ಟವಿರಲಿಲ್ಲ, ಅದು ಕದ್ದ ಹಾಗೆ ಎಂದು ಆತನ ಭಾವನೆ. ಆದರೂ ಮಾಡಿದ. ಸಾವಿರ ದನಿಗಳವನ ಬಾಯಲ್ಲಿ ಎಲ್ಮರ್ ಒರಟಾಗಿ, ಸ್ವಲ್ಪ ಗಡಸಾಗಿ ಕೇಳಿಸುತ್ತಾನೆ. ಬ್ರಯನ್‌ನ ದನಿಯಲ್ಲಿದ್ದ ಪೆದ್ದು ಮೃದುತನ ಇಲ್ಲ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದರೆ, ಸುಮಾರು ಇಪ್ಪತ್ತು ವರ್ಷ ಹೆಸರಿಲ್ಲದೆ ಆ ತೆರೆಯ ಹಿಂದೆ ನಿಂತಿದ್ದವನು ಯಾರು ಎಂದು ಕಿವಿಗೆ ಗೊತ್ತಾಗುತ್ತದೆ.